ನಾಯಿ ಜೀನ್ಸ್ ಚಿಂದಿ, ದಾರ ನುಂಗಿದೆ. ಹಿಂದುಗಡೆ ದಾರ ಜೋತಾಡುತ್ತಿದೆ. ಏನು ಮಾಡಲಿ?

ಹೊಲಿಗೆ ಮನೆ, ಬಳ್ಳಾರಿ · ಭಾನುವಾರ ಬೆಳಿಗ್ಗೆ 10:20

ಎಲ್ಲರಿಗೂ ನಮಸ್ಕಾರ. ನಾನು ಕೌಲ್ ಬಜಾರಿನವಳು. ಮನೆಯಲ್ಲೇ ಜೀನ್ಸ್ ಹೊಲಿಯುತ್ತೇನೆ, ಪೀಸ್ ಲೆಕ್ಕಕ್ಕೆ. ನಮ್ಮ ಕರಿಯ ಎರಡು ವರ್ಷದ ನಾಟಿ ನಾಯಿ, ಸುಮಾರು 18 ಕಿಲೋ ಇದ್ದಾನೆ. ನಿನ್ನೆ ಸಂಜೆ ಮಷಿನ್ ಕೆಳಗಿದ್ದ ಚಿಂದಿ ಚೀಲ ಹರಿದು ಹಾಕಿದ್ದ. ಬೈದು ಓಡಿಸಿ, ಗುಡಿಸಿ ಸುಮ್ನಾದೆ. ರಾತ್ರಿ ರೊಟ್ಟಿ ಮೂಸಿ ನೋಡಿ ಬಿಟ್ಟ. ಬೆಳಗಿನಿಂದ ಮೂರು ಸಲ ವಾಂತಿ ಮಾಡಿದ್ದಾನೆ, ಬರೀ ಹಳದಿ ನೊರೆ. ಈಗ ನೋಡಿದರೆ ಹಿಂದುಗಡೆಯಿಂದ ಕಿತ್ತಳೆ ಬಣ್ಣದ ದಾರ ಒಂದು ಗೇಣು ಜೋತಾಡುತ್ತಿದೆ. ಜೀನ್ಸಿನ ಮೇಲ್ಹೊಲಿಗೆಗೆ ಹಾಕುವ ದಪ್ಪ ದಾರ ಅದು. ಕೈಯಲ್ಲಿ ಜಗ್ಗಿದರೆ ಬೆರಳು ಕೊಯ್ಯುತ್ತದೆ ಹೊರತು ದಾರ ಹರಿಯುವುದಿಲ್ಲ.

ಪಕ್ಕದ ಮನೆಯವರು ಮೆಲ್ಲಗೆ ಎಳೆದುಬಿಡು ಅನ್ನುತ್ತಿದ್ದಾರೆ. ಅತ್ತೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸು ಅನ್ನುತ್ತಿದ್ದಾರೆ. ಇವತ್ತು ಭಾನುವಾರ ಬೇರೆ. ಗೊತ್ತಿರುವವರು ದಯವಿಟ್ಟು ಬೇಗ ಹೇಳಿ.

ಗಂಗಾವತಿಯಿಂದ · 10:26

ಅಕ್ಕಾ, ದಾರ ಎಳೆಯಬೇಡಿ. ಯಾರಿಗೂ ಮುಟ್ಟಲು ಬಿಡಬೇಡಿ.

ಮೂರು ವರ್ಷದ ಹಿಂದೆ ನಮ್ಮ ಪಿಂಕಿ ಗಾಳಿಪಟದ ದಾರ ನುಂಗಿದ್ದಳು. ಹಿಂದೆ ಕಾಣಿಸಿತು, ನಾನೇ ಎಳೆದೆ. ಒಂದು ಮೊಳ ಬಂತು. ಆಮೇಲೆ ಬಿಗಿಯಾಯಿತು, ಅವಳು ಕಿರುಚಿದಳು, ನಾನು ಬಿಟ್ಟೆ. ಮರುದಿನ ಸಂಜೆಗೆ ಹೊಟ್ಟೆ ಹಲಗೆಯಂತೆ ಗಟ್ಟಿಯಾಯಿತು. ದಾರ ಒಳಗೆ ಕರುಳನ್ನು ಕೊಯ್ದುಬಿಟ್ಟಿದೆ ಅಂದರು ಡಾಕ್ಟ್ರು. ಉಳಿಯಲಿಲ್ಲ. ಅವತ್ತು ನಮಗೆ ಬೇಡ ಅನ್ನುವವರು ಯಾರೂ ಇರಲಿಲ್ಲ. ನಿಮ್ಮದು ಓದಿ ರಸ್ತೆ ಪಕ್ಕ ಗಾಡಿ ನಿಲ್ಲಿಸಿ ಬರೆಯುತ್ತಿದ್ದೇನೆ.

ಪಶುವೈದ್ಯೆ, ಕೊಪ್ಪಳ · 10:34

ಗಂಗಾವತಿಯವರು ಹೇಳಿದ್ದು ಸರಿ. ಕಾರಣ ಹೇಳುತ್ತೇನೆ, ನೀವು ಹೊಲಿಯುವವರು, ಬೇಗ ಅರ್ಥವಾಗುತ್ತದೆ. ಲಂಗದ ಲಾಡಿಯ ಒಂದು ತುದಿ ಹಿಡಿದು ಇನ್ನೊಂದು ತುದಿ ಜಗ್ಗಿದರೆ ಬಟ್ಟೆ ನೆರಿಗೆ ನೆರಿಗೆಯಾಗಿ ಸೇರಿಕೊಳ್ಳುತ್ತದೆ ಅಲ್ವಾ? ಕರಿಯನ ಹೊಟ್ಟೆಯಲ್ಲೂ ಹಾಗೇ ಆಗಿರಬಹುದು. ದಾರದ ಒಂದು ಕಡೆ ಚಿಂದಿಯ ಗಂಟು ಜಠರದ ಬಾಗಿಲಲ್ಲಿ ಸಿಕ್ಕಿಕೊಂಡಿರುತ್ತದೆ. ಕರುಳು ಉಳಿದ ದಾರವನ್ನು ಮುಂದೆ ತಳ್ಳಲು ನೋಡುತ್ತದೆ. ದಾರ ಹೋಗುವುದಿಲ್ಲ, ಕರುಳೇ ದಾರದ ಮೇಲೆ ನೆರಿಗೆ ಕಟ್ಟುತ್ತದೆ. ಆಗ ಎಳೆದರೆ ಗರಗಸ ಆಡಿಸಿದ ಹಾಗೆ.

ಈಗ ಮಾಡಬೇಕಾದದ್ದು: ದಾರ ನೆಲಕ್ಕೆ ತಾಗುತ್ತಿದ್ದರೆ, ಅವನು ಕಚ್ಚಿ ಎಳೆದುಕೊಳ್ಳುತ್ತಿದ್ದರೆ, ಕತ್ತರಿಯಿಂದ ಉದ್ದ ಕಡಿಮೆ ಮಾಡಿ. ನಾಲ್ಕು ಬೆರಳಿನಷ್ಟು ಹೊರಗೇ ಇರಲಿ. ಊಟ ಕೊಡಬೇಡಿ. ಹಾಲು, ಮಜ್ಜಿಗೆ, ಎಣ್ಣೆ, ಬಾಳೆಹಣ್ಣು ಯಾವುದೂ ಬೇಡ. ಬಾಯಿ ಒಣಗಿದ್ದರೆ ಎರಡು ಗುಟುಕು ನೀರು ಸಾಕು. ಹರಿದ ಚಿಂದಿ ಚೀಲದಲ್ಲಿ ಉಳಿದದ್ದನ್ನು ಕವರಿಗೆ ಹಾಕಿ ಜೊತೆಗೆ ತೆಗೆದುಕೊಂಡು ಹೋಗಿ. ಯಾವ ಬಟ್ಟೆ, ಗುಂಡಿ ರಿವೆಟ್ ಇತ್ತಾ, ಎಷ್ಟು ಗಂಟೆಗೆ ತಿಂದ, ಎಷ್ಟು ಸಲ ವಾಂತಿ, ಕೊನೆಯ ಸಲ ಕಕ್ಕ ಯಾವಾಗ, ಇಷ್ಟು ಹೇಳಿದರೆ ಡಾಕ್ಟ್ರಿಗೆ ಅರ್ಧ ದಾರಿ ಸಿಕ್ಕ ಹಾಗೆ.

ವಾಂತಿ, ಊಟ ಬಿಟ್ಟದ್ದು, ಜೋತಾಡುವ ದಾರ ಮೂರೂ ಸೇರಿದರೆ ಇವತ್ತೇ ತೋರಿಸಬೇಕು. ನಾಳೆಯವರೆಗೆ ಕಾಯಬೇಡಿ. ಭಾನುವಾರ ಅಂತ ಹೊರಡುವುದು ತಡ ಮಾಡಬೇಡಿ, ದಾರಿಯಲ್ಲೇ ಫೋನ್ ಮಾಡಿ ಯಾರು ಸಿಗುತ್ತಾರೆ ಕೇಳಿ. 1962 ಪಶುಪಾಲನಾ ಇಲಾಖೆಯ ಸಹಾಯವಾಣಿ. ಅವರ ಗಾಡಿಗಳು ಜಾಸ್ತಿ ದನ ಎಮ್ಮೆಗಳಿಗೆ ಓಡಾಡುತ್ತವೆ, ಆದರೂ ಕೇಳಿ ನೋಡಿ.

ಹೊಲಿಗೆ ಮನೆ, ಬಳ್ಳಾರಿ · 10:41

ಆಟೋ ಬಂತು ಮೇಡಂ. ಎಳೆದಿಲ್ಲ. ಅತ್ತೆ ಉಪ್ಪುನೀರು ಕಲಸಿದ್ದರು, ಚೆಲ್ಲಿದೆ.

ಮಾನ್ವಿ ತಾಲೂಕಿನವ · 11:05

ಮೇಡಂ, ಒಂದು ಕೇಳಬೇಕಿತ್ತು. ನಮ್ಮ ಕಡೆ ಏನೇ ತಿಂದರೂ ಉಪ್ಪುನೀರು ಅಥವಾ ಸೋಪಿನ ನೀರು ಕುಡಿಸುತ್ತಾರೆ. ಹೊಲದಲ್ಲಿ ಔಷಧಿ ನೆಕ್ಕಿದ ನಾಯಿಗೂ ಅದೇ. ಅದು ತಪ್ಪಾ?

ಪಶುವೈದ್ಯೆ, ಕೊಪ್ಪಳ · 11:30

ತಪ್ಪು. ನಾಯಿ ಉಳಿಯಲಿ ಅಂತ ಮಾಡುವ ಕೆಲಸ, ಅದಕ್ಕೇ ಬಿಡಿಸಿ ಹೇಳುತ್ತೇನೆ.

ಉಪ್ಪು ಜಾಸ್ತಿಯಾದರೆ ರಕ್ತದಲ್ಲಿ ಸೋಡಿಯಂ ಏರಿ ನಾಯಿಗೆ ಫಿಟ್ಸ್ ಬರುತ್ತದೆ. ತಿಂದದ್ದರಿಂದ ಉಳಿದ ನಾಯಿ ಉಪ್ಪಿನಿಂದ ಸಾಯಬಹುದು. ಬಾಯಿ ಅಗಲಿಸಿ ಸುರಿದ ನೀರಾಗಲಿ ಎಣ್ಣೆಯಾಗಲಿ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ. ಸೋಪಿನ ನೊರೆ ಇನ್ನೂ ಸುಲಭವಾಗಿ ಇಳಿಯುತ್ತದೆ.

ವಾಂತಿ ಮಾಡಿಸುವುದೇ ತಪ್ಪು ಅಂತಲ್ಲ. ತಿಂದು ಒಂದು ಎರಡು ಗಂಟೆಯೊಳಗೆ ಬಂದರೆ ನಾವೇ ಇಂಜೆಕ್ಷನ್ ಕೊಟ್ಟು ವಾಂತಿ ಮಾಡಿಸುತ್ತೇವೆ. ಆದರೆ ಯಾವುದಕ್ಕೆ ಮಾಡಿಸಬಾರದು ಅನ್ನುವುದು ಗೊತ್ತಿರಬೇಕು. ಸೂಜಿ, ಪಿನ್, ಬ್ಲೇಡ್, ಬಳೆ ಚೂರು ನುಂಗಿದ್ದರೆ ಬರುವಾಗ ಗಂಟಲು ಹರಿಯುತ್ತದೆ. ಟಾಯ್ಲೆಟ್ ತೊಳೆಯುವ ಆಸಿಡ್, ಬ್ಯಾಟರಿ ಇಳಿಯುವಾಗ ಒಮ್ಮೆ ಸುಟ್ಟಿರುತ್ತವೆ, ಹತ್ತುವಾಗ ಮತ್ತೊಮ್ಮೆ ಸುಡುತ್ತವೆ. ಸೀಮೆಎಣ್ಣೆ, ಪೆಟ್ರೋಲ್, ಫಿನೈಲ್ ವಾಂತಿಯಲ್ಲಿ ಶ್ವಾಸಕೋಶಕ್ಕೆ ಹೋಗುತ್ತವೆ. ನಾಯಿಗೆ ಪ್ರಜ್ಞೆ ಸರಿ ಇಲ್ಲದಿದ್ದರೆ, ಫಿಟ್ಸ್ ಇದ್ದರೆ, ಪಗ್‌ನಂಥ ಚಪ್ಪಟೆ ಮೂಗಿನದಾದರೆ ಮನೆಯಲ್ಲಿ ಕೈ ಹಾಕಲೇಬೇಡಿ.

ಹೊಲದ ಔಷಧಿ ಮೈಗೆ ತಾಗಿದ್ದರೆ ಮೈ ತೊಳೆಯಿರಿ, ನಿಮ್ಮ ಕೈಗೆ ಕವರ್ ಕಟ್ಟಿಕೊಂಡು. ಬಾಟಲಿ ಅಥವಾ ಅದರ ಲೇಬಲ್ಲಿನ ಫೋಟೋ ತಂದರೆ ಅದೇ ದೊಡ್ಡ ಉಪಕಾರ.

ಲ್ಯಾಬ್ ಮನೆ, ರಾಯಚೂರು · ಮಧ್ಯಾಹ್ನ 12:10

ಎಲ್ಲದಕ್ಕೂ ಆಪರೇಷನ್ ಆಗುವುದಿಲ್ಲ ಅಂತ ಧೈರ್ಯಕ್ಕೆ ಬರೆಯುತ್ತಿದ್ದೇನೆ. ನಮ್ಮ ಲ್ಯಾಬ್ರಡಾರ್ ಮಗಳ ಸ್ಕೂಲ್ ಕಾಲುಚೀಲ ಎರಡು ಸಲ ನುಂಗಿದೆ. ಮೊದಲ ಸಲ ಗೊತ್ತೇ ಆಗಲಿಲ್ಲ. ಮೂರನೇ ದಿನ ಕಕ್ಕದಲ್ಲಿ ಇಡೀ ಕಾಲುಚೀಲ ಬಂತು, ಎಲಾಸ್ಟಿಕ್ ಸಮೇತ. ಎರಡನೇ ಸಲ ಕಣ್ಣೆದುರೇ ನುಂಗಿತು. ಅರ್ಧ ಗಂಟೆಯಲ್ಲಿ ಡಾಕ್ಟ್ರ ಹತ್ತಿರ ಹೋದೆವು, ಇಂಜೆಕ್ಷನ್ ಕೊಟ್ಟು ವಾಂತಿ ಮಾಡಿಸಿದರು.

ಈ ತಳಿಗೆ ಹೊಟ್ಟೆ ತುಂಬಿದ್ದೇ ತಿಳಿಯುವುದಿಲ್ಲ. 2016ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದವರು ಇದರ ಬಗ್ಗೆ ಬರೆದಿದ್ದರು. ಸುಮಾರು ನಾಲ್ಕು ಲ್ಯಾಬ್‌ಗಳಲ್ಲಿ ಒಂದಕ್ಕೆ ಹಸಿವನ್ನು ಹತೋಟಿಯಲ್ಲಿಡುವ ಪಿಒಎಂಸಿ ಅನ್ನುವ ಜೀನಿನ ಒಂದು ತುಂಡೇ ಇರುವುದಿಲ್ಲವಂತೆ. ಅದು ಓದಿದ ಮೇಲೆ ನಾನು ಅದಕ್ಕೆ ಬೈಯುವುದು ಬಿಟ್ಟೆ. ಕಾಲುಚೀಲ ಎತ್ತಿಡುವುದು ನಮ್ಮ ಕೆಲಸ.

ಪಶುವೈದ್ಯೆ, ಕೊಪ್ಪಳ · 12:40

ಕಾಯಬಹುದಾದದ್ದೂ ಇದೆ, ನಿಜ. ವಸ್ತು ಚಿಕ್ಕದು, ನುಣುಪು, ವಿಷವಿಲ್ಲದ್ದು, ನಾಯಿ ದೊಡ್ಡದು, ಆಟ ಊಟ ಎಂದಿನಂತೆ ಇದೆ ಅಂದರೆ ಡಾಕ್ಟ್ರಿಗೆ ಫೋನಿನಲ್ಲಿ ತಿಳಿಸಿ ಎರಡು ಮೂರು ದಿನ ನೋಡಬಹುದು. ನೋಡುವುದು ಅಂದರೆ ಸುಮ್ನೆ ಇರುವುದಲ್ಲ. ಪ್ರತಿ ಸಲದ ಕಕ್ಕವನ್ನು ಕಡ್ಡಿಯಿಂದ ಬಿಡಿಸಿ ನೋಡಬೇಕು.

ಈ ನಡುವೆ ವಾಂತಿ ಎರಡನೇ ಸಲ ಆದರೆ, ಊಟ ಬಿಟ್ಟರೆ, ಮುಕ್ಕಿದರೂ ಕಕ್ಕ ಬಾರದಿದ್ದರೆ, ಜೊಲ್ಲು ಸುರಿದರೆ, ಮುಂಗಾಲು ಚಾಚಿ ಎದೆ ನೆಲಕ್ಕೆ ಊರಿ ಹಿಂಭಾಗ ಮೇಲೆತ್ತಿ ನಿಂತರೆ ಕಾಯುವುದು ಮುಗಿಯಿತು. ಆ ನಿಲುವು ನೋಡಿ ನಮಸ್ಕಾರ ಮಾಡುತ್ತಿದೆ ಅಂತ ಫೋಟೋ ತೆಗೆಯುತ್ತಾರೆ ಜನ. ಅದು ಹೊಟ್ಟೆ ನೋವು.

ಬಟನ್ ಬ್ಯಾಟರಿಗೆ ಮಾತ್ರ ಒಂದು ನಿಮಿಷವೂ ಕಾಯಬೇಡಿ. ಕಾರಿನ ಕೀ, ತೂಕದ ಯಂತ್ರ, ಮಕ್ಕಳ ಲೈಟ್ ಗೊಂಬೆಯಲ್ಲಿ ಇರುವ ಚಪ್ಪಟೆ ಬಿಲ್ಲೆ ಅದು. ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಅರ್ಧ ಗಂಟೆಯೊಳಗೇ ಸುಡಲು ಶುರುಮಾಡುತ್ತದೆ.

ಸಿಂಧನೂರು ಗದ್ದೆ · 1:15

ನಮ್ಮ ಊರಲ್ಲಿ ಭತ್ತದ ಚೀಲ ಇಟ್ಟ ಮನೆಗಳಲ್ಲೆಲ್ಲ ಇಲಿ ಔಷಧಿ ಇರುತ್ತದೆ. ನಮ್ಮ ನಾಯಿ ನೀಲಿ ಬಣ್ಣದ ಕೇಕ್ ತಿಂದಿತ್ತು. ಎರಡು ದಿನ ಚೆನ್ನಾಗೇ ಇತ್ತು, ಏನೂ ಆಗಲಿಲ್ಲ ಅಂದುಕೊಂಡೆವು. ನಾಲ್ಕನೇ ದಿನ ವಸಡಿನಲ್ಲಿ ರಕ್ತ, ಉಸಿರಾಡಲು ಕಷ್ಟ. ತಡವಾಗಿ ಹೋದೆವು. ದೇವರು ದೊಡ್ಡವನು, ಉಳಿಯಿತು. ಹೀಗೇಕೆ ತಡವಾಗಿ ತೋರುತ್ತದೆ ಮೇಡಂ?

ಪಶುವೈದ್ಯೆ, ಕೊಪ್ಪಳ · 1:50

ಆ ಕೇಕಿನಲ್ಲಿ ಸಾಮಾನ್ಯವಾಗಿ ಇರುವುದು ಬ್ರೊಮಾಡಿಯೊಲೋನ್. ಅದು ವಿಟಮಿನ್ ಕೆ ಕೆಲಸ ನಿಲ್ಲಿಸುತ್ತದೆ, ರಕ್ತ ಹೆಪ್ಪುಗಟ್ಟುವುದು ನಿಲ್ಲುತ್ತದೆ. ಮೈಯಲ್ಲಿ ಮೊದಲೇ ಇದ್ದ ಹೆಪ್ಪುಗಟ್ಟಿಸುವ ಅಂಶ ಖರ್ಚಾಗುವವರೆಗೆ ಏನೂ ಕಾಣುವುದಿಲ್ಲ, ಅದಕ್ಕೇ ಮೂರರಿಂದ ಐದು ದಿನ. ತಿಂದ ದಿನವೇ ಬಂದರೆ ವಾಂತಿ ಮಾಡಿಸಿ ವಿಟಮಿನ್ ಕೆ1 ಶುರುಮಾಡುತ್ತೇವೆ. ಅದನ್ನು ವಾರಗಟ್ಟಲೆ ಕೊಡಬೇಕು, ಚೆನ್ನಾದ ಅಂತ ನಡುವೆ ನಿಲ್ಲಿಸಬಾರದು.

ಬೂದು ಕಪ್ಪು ಪುಡಿ ಇದಕ್ಕಿಂತ ಬೇರೆ. ಅದು ಜಿಂಕ್ ಫಾಸ್ಫೈಡ್, ಹೊಟ್ಟೆಯ ಆಮ್ಲದೊಂದಿಗೆ ಸೇರಿ ವಿಷಗಾಳಿ ಹುಟ್ಟಿಸುತ್ತದೆ. ಗಂಟೆಗಳಲ್ಲಿ ಎಲ್ಲ ಮುಗಿಯಬಹುದು. ತಿಂಡಿ ಹಾಕಿದರೆ ಆಮ್ಲ ಜಾಸ್ತಿಯಾಗುತ್ತದೆ, ಹಾಕಬೇಡಿ. ನಾಯಿ ವಾಂತಿ ಮಾಡಿದರೆ ಆ ಗಾಳಿ ನಿಮಗೂ ಕೆಟ್ಟದ್ದು. ಕಾರಿನಲ್ಲಿ ಒಯ್ಯುವಾಗ ಗಾಜು ಇಳಿಸಿ.

ಹೊಲಿಗೆ ಮನೆ, ಬಳ್ಳಾರಿ · 3:35

ಮೂರು ಕಡೆ ಫೋನ್ ಮಾಡಿದ ಮೇಲೆ ಒಬ್ಬ ಡಾಕ್ಟ್ರು ಸಿಕ್ಕರು. ಎಕ್ಸ್-ರೇ ತೆಗೆದರು. ಬಟ್ಟೆಯೂ ಕಾಣಲಿಲ್ಲ, ದಾರವೂ ಕಾಣಲಿಲ್ಲ. ನನ್ನ ಎದೆ ಒಡೆದೇ ಹೋಯಿತು, ಇವರು ಏನೂ ಇಲ್ಲ ಅಂತ ಕಳಿಸಿಬಿಡುತ್ತಾರೆ ಅಂತ. ಆಗ ಡಾಕ್ಟ್ರು ಬೆರಳಿಟ್ಟು ತೋರಿಸಿದರು. ಒಂದು ಬಿಳಿ ಚುಕ್ಕಿ, ಸಾಸಿವೆಗಿಂತ ಸ್ವಲ್ಪ ದೊಡ್ಡದು. ಇದೇನಮ್ಮಾ ಅಂದರು. ನೋಡಿದ ತಕ್ಷಣ ಗೊತ್ತಾಯಿತು. ಜೇಬಿನ ಮೂಲೆಗೆ ಹೊಡೆಯುವ ರಿವೆಟ್. ದಿನಕ್ಕೆ ನೂರಾರು ಹೊಡೆಸಿ ಕಳಿಸುತ್ತೇನೆ. ತಪ್ಪಾಗಿ ಹೊಡೆದ ಒಂದು ಜೇಬು ಕತ್ತರಿಸಿ ಚಿಂದಿಗೆ ಹಾಕಿದ್ದೆ, ಅದೇ ಇದು. ಕವರಿನಲ್ಲಿ ಒಯ್ದ ಚಿಂದಿಯಲ್ಲಿ ಅದರ ಜೋಡಿ ಜೇಬು ಇತ್ತು. ಡಾಕ್ಟ್ರು ಅದನ್ನು ಎಕ್ಸ್-ರೇ ಪಕ್ಕ ಹಿಡಿದು ನೋಡಿದರು.

ಸ್ಕ್ಯಾನಿಂಗ್ ಮಾಡಿದಾಗ ಕರುಳು ನೆರಿಗೆಯಾಗಿದೆ ಅಂದರು. ಮೇಡಂ ಹೇಳಿದ ಲಾಡಿಯ ಮಾತು ನೆನಪಾಯಿತು. ಸಂಜೆ ಆಪರೇಷನ್. ಸಲೈನ್ ಹಾಕಿದ್ದಾರೆ. ನನ್ನ ಸೆರಗಿನ ಮೇಲೆ ತಲೆ ಇಟ್ಟು ಮಲಗಿದ್ದಾನೆ.

ಪಶುವೈದ್ಯೆ, ಕೊಪ್ಪಳ · 3:48

ಆ ಜೇಬು ಒಯ್ದದ್ದು ಎಷ್ಟು ಒಳ್ಳೆಯದಾಯಿತು. ಬಟ್ಟೆ, ಪ್ಲಾಸ್ಟಿಕ್, ರಬ್ಬರ್ ಎಕ್ಸ್-ರೇಯಲ್ಲಿ ನೇರವಾಗಿ ಕಾಣುವುದು ಕಡಿಮೆ. ಕರುಳಿನಲ್ಲಿ ಗಾಳಿ ನಿಂತ ರೀತಿ ನೋಡಿ ಊಹಿಸಬೇಕು. ಏನೂ ಕಾಣಲಿಲ್ಲ ಅಂದರೆ ಏನೂ ಇಲ್ಲ ಅಂತಲ್ಲ. ಧೈರ್ಯವಾಗಿರಿ ಅಮ್ಮ.

ಗಂಗಾವತಿಯಿಂದ · 3:50

ಅಕ್ಕಾ, ಹುಲಿಗೆಮ್ಮನಿಗೆ ಬೇಡಿಕೊಂಡಿದ್ದೇನೆ.

ಕುಷ್ಟಗಿ ರಸ್ತೆ · ಸಂಜೆ 5:20

ಇದೇ ಮಾತಿನಲ್ಲಿ ಒಂದು. ನಮ್ಮ ಕೊಪ್ಪಳದ ಕಡೆ ಬೇಸಿಗೆಯಲ್ಲಿ ಮಾವಿನ ಗೊರಟ, ಆಮೇಲೆ ಮೆಕ್ಕೆಜೋಳದ ದಿಂಡು ಮನೆ ಮುಂದೆ ಬಿದ್ದೇ ಇರುತ್ತವೆ. ಇವೂ ಸಿಕ್ಕಿಕೊಳ್ಳುತ್ತವಾ? ನಮ್ಮ ಮರಿ ಕಿನ್ನಾಳದ ಗೊಂಬೆಯ ಒಂದು ಕೈ ಕೂಡ ತಿಂದು ಮುಗಿಸಿದೆ. ಅಜ್ಜಿ ಕಾಲದ ಗೊಂಬೆ, ಮನಸ್ಸಿಗೆ ಬಹಳ ನೋವಾಯಿತು.

ಪಶುವೈದ್ಯೆ, ಕೊಪ್ಪಳ · ರಾತ್ರಿ 8:10

ದಿಂಡು ಬಹಳ ಕೆಟ್ಟದ್ದು. ಹೊಟ್ಟೆಯಲ್ಲಿ ಕರಗುವುದಿಲ್ಲ, ಕರುಳಿನಲ್ಲಿ ಬಿರಡೆಯಂತೆ ಕೂರುತ್ತದೆ. ತಿಂದು ವಾರಗಳಾದ ಮೇಲೆ ತೊಂದರೆ ಕೊಟ್ಟದ್ದೂ ಇದೆ. ಗೊರಟವೂ ಹಾಗೇ. ಗೊಂಬೆಯ ಮರ ಹಗುರ, ಅಗಿದು ಪುಡಿಯಾಗಿದ್ದರೆ ಹೋಗುತ್ತದೆ, ಚೂಪಾದ ಸಿಬಿರು ಇದೆಯಾ ಅಂತ ಬಾಯಿ ನೋಡಿ. ಬಣ್ಣ ಹಳೆಯದು ಅನ್ನುತ್ತೀರಿ, ಮರಿ ಮಂಕಾದರೆ ತಡ ಮಾಡಬೇಡಿ. ದೊಡ್ಡ ಕೇಸುಗಳನ್ನು ನಾವು ಗದಗದ ಪಶುವೈದ್ಯಕೀಯ ಕಾಲೇಜಿಗೆ ಕಳಿಸುವುದುಂಟು, ಕೊಪ್ಪಳದಿಂದ ಸುಮಾರು ಅರವತ್ತು ಕಿಲೋಮೀಟರ್.

ಲ್ಯಾಬ್ ಮನೆ, ರಾಯಚೂರು · 8:30

ಇಷ್ಟೊಂದು ಊಟ ಹಾಕಿದರೂ ಮಣ್ಣು, ಕಲ್ಲು, ಬಟ್ಟೆ ಯಾಕೆ ತಿನ್ನುತ್ತವೆ ಮೇಡಂ?

ಪಶುವೈದ್ಯೆ, ಕೊಪ್ಪಳ · 9:15

ಮೂರರಿಂದ ಏಳು ತಿಂಗಳ ಮರಿಗೆ ಹಲ್ಲು ಬದಲಾಗುತ್ತದೆ, ವಸಡು ನವೆಯಾಗಿ ಸಿಕ್ಕದ್ದನ್ನು ಅಗಿಯುತ್ತದೆ. ಇಡೀ ದಿನ ಸರಪಳಿಯಲ್ಲಿ ಕಟ್ಟಿದ ನಾಯಿ ಬೇಸರಕ್ಕೆ ಅಗಿಯುತ್ತದೆ. ನಮ್ಮ ಕಡೆ ಏಪ್ರಿಲ್ ಮೇ ಬಿಸಿಲಿಗೆ ಯಾರೂ ನಾಯಿಯನ್ನು ಹೊರಗೆ ಕರೆದೊಯ್ಯುವುದಿಲ್ಲ, ಬೆಳಿಗ್ಗೆ ಆರಕ್ಕೆ ಮೊದಲಾದರೂ ಓಡಾಡಿಸಿ.

ಬೆಳೆದ ನಾಯಿ ಇದ್ದಕ್ಕಿದ್ದಂತೆ ಮಣ್ಣು, ಗೋಡೆಯ ಸುಣ್ಣ ನೆಕ್ಕಲು ಶುರುಮಾಡಿದರೆ ಮೊದಲು ವಸಡಿನ ಬಣ್ಣ ನೋಡಿ. ಬಿಳಚಿದ್ದರೆ ರಕ್ತ ಕಡಿಮೆ. ಜಂತುಹುಳು ರಕ್ತ ಹೀರುತ್ತಿರಬಹುದು, ಉಣ್ಣಿಯಿಂದ ಬರುವ ಜ್ವರ ಇರಬಹುದು. ನಮ್ಮಲ್ಲಿ ಉಣ್ಣಿ ಕಾಟ ವರ್ಷವಿಡೀ. ಮರಿಗೆ ಮೂರು ತಿಂಗಳವರೆಗೆ ಹದಿನೈದು ದಿನಕ್ಕೊಮ್ಮೆ, ಆರು ತಿಂಗಳವರೆಗೆ ತಿಂಗಳಿಗೊಮ್ಮೆ, ಆಮೇಲೆ ಮೂರು ತಿಂಗಳಿಗೊಮ್ಮೆ ಜಂತಿನ ಔಷಧಿ ಹಾಕಿಸಿ.

ಇನ್ನೊಂದು ಕಾರಣ ಎಲ್ಲರೂ ಓದಲಿ. ರೇಬಿಸ್ ಬಂದ ನಾಯಿ ಕಡ್ಡಿ, ಕಲ್ಲು, ಮಣ್ಣು ಕಚ್ಚಿ ನುಂಗುತ್ತದೆ. ಲಸಿಕೆ ಹಾಕಿಸದ ನಾಯಿ ಹೀಗೆ ಮಾಡುತ್ತಿದ್ದರೆ, ಬೊಗಳುವ ದನಿ ಬದಲಾಗಿದ್ದರೆ, ಜೊಲ್ಲು ಸುರಿದು ನುಂಗಲು ಆಗದಿದ್ದರೆ, ಗಂಟಲಲ್ಲಿ ಮೂಳೆ ಸಿಕ್ಕಿದೆ ಅಂದುಕೊಂಡು ಕೈ ಹಾಕಬೇಡಿ. ಹಾಕಿಬಿಟ್ಟಿದ್ದರೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಿ ಇಂಜೆಕ್ಷನ್ ತೆಗೆದುಕೊಳ್ಳಿ.

ಮಾನ್ವಿ ತಾಲೂಕಿನವ · 9:40

ನಾಯಿ ಬಾಯಲ್ಲಿ ಏನಾದರೂ ಹಿಡಿದುಕೊಂಡರೆ ನಾವು ಅಟ್ಟಿಸಿಕೊಂಡು ಹೋಗುತ್ತೇವೆ. ಅದು ಗಬಕ್ಕನೆ ನುಂಗಿಬಿಡುತ್ತದೆ.

ಲ್ಯಾಬ್ ಮನೆ, ರಾಯಚೂರು · 9:52

ಅಟ್ಟಬೇಡಿ ಅಣ್ಣ, ನಾವೂ ಹಾಗೇ ಮಾಡಿ ಕೆಟ್ಟೆವು. ನೀವು ಕಿತ್ತುಕೊಳ್ಳಲು ಬಂದರೆ ಅದಕ್ಕೆ ಬಚ್ಚಿಡಲು ಇರುವ ಜಾಗ ಹೊಟ್ಟೆಯೊಂದೇ. ನಾವೀಗ ಕೈಯಲ್ಲಿ ಒಂದು ತುಂಡು ಕೋಳಿ ಅಥವಾ ಬೆಲ್ಲ ಹಚ್ಚದ ರೊಟ್ಟಿ ಚೂರು ಹಿಡಿದು ನೆಲದ ಮೇಲೆ ಕೂರುತ್ತೇವೆ. "ಬಿಡು" ಅನ್ನುತ್ತೇವೆ. ಬಿಟ್ಟರೆ ಚೂರು ಸಿಗುತ್ತದೆ. ಆಟದ ಚೆಂಡಿನಲ್ಲಿ ದಿನಾ ಐದು ನಿಮಿಷ ಕಲಿಸಿದೆವು, ಒಂದು ತಿಂಗಳಲ್ಲಿ ಬಂತು. ಈಗ ಕಾಲುಚೀಲ ತಂದು ತಾನೇ ಎದುರಿಗೆ ಹಾಕುತ್ತದೆ.

ಸಿಂಧನೂರು ಗದ್ದೆ · 10:05

ನಮ್ಮ ಮನೆಯವರು ಹೇಳಿ ಬರೆಸುತ್ತಿದ್ದಾರೆ: ದೇವರ ಮುಂದೆ ಆರಿದ ದೀಪದ ಬತ್ತಿ ಎತ್ತಿಡಿ. ತುಪ್ಪದ ವಾಸನೆಗೆ ನಾಯಿ ಹಣತೆ ಸಮೇತ ಕಚ್ಚುತ್ತದೆ. ಸೀರೆ ಪೆಟ್ಟಿಗೆಯ ನುಸಿ ಗುಳಿಗೆಯೂ ಬಿದ್ದಿರಬಾರದು. ನಮ್ಮ ತಂಗಿ ಮನೆಯ ಮರಿ ಅದನ್ನು ತಿಂದು ರಕ್ತ ಕೆಟ್ಟು ಬಹಳ ಕಷ್ಟಪಟ್ಟಿತು.

ಹೊಲಿಗೆ ಮನೆ, ಬಳ್ಳಾರಿ · ಸೋಮವಾರ ಬೆಳಗಿನ ಜಾವ 12:30

ಆಪರೇಷನ್ ಆಯಿತು. ಜೇಬು ಜಠರದ ಬಾಗಿಲಲ್ಲೇ ಇತ್ತು. ದಾರ ಅಲ್ಲಿಂದ ಕೊನೆಯವರೆಗೆ. ಜಠರದಲ್ಲಿ ಒಂದು, ಕರುಳಿನಲ್ಲಿ ಎರಡು ಕಡೆ ಕೊಯ್ದು ತುಂಡು ತುಂಡಾಗಿ ತೆಗೆದರಂತೆ. ಕರುಳು ಕೆಂಪಾಗಿತ್ತು, ಎಲ್ಲೂ ಹರಿದಿರಲಿಲ್ಲ. ನೀವು ಎಳೆಯದೇ ಬಂದಿರಿ ಅಂದರು ಡಾಕ್ಟ್ರು. ಗಂಗಾವತಿ ತಮ್ಮಾ, ಅದು ನಿನ್ನ ಪಿಂಕಿ ಉಳಿಸಿದ್ದು.

ಗಂಗಾವತಿಯಿಂದ · ಬೆಳಿಗ್ಗೆ 6:10

ಓದಿದೆ ಅಕ್ಕಾ. ಮನೆಯವರಿಗೂ ಓದಿ ಹೇಳಿದೆ.

ಹೊಲಿಗೆ ಮನೆ, ಬಳ್ಳಾರಿ · ಶುಕ್ರವಾರ ಬೆಳಿಗ್ಗೆ 8:00

ಕರಿಯ ಮನೆಗೆ ಬಂದು ಎರಡು ದಿನವಾಯಿತು. ಕೊರಳಿಗೆ ಬಕೆಟ್ ಹಾಗೆ ಒಂದು ಕಟ್ಟಿದ್ದಾರೆ, ಹೊಲಿಗೆ ನೆಕ್ಕಬಾರದು ಅಂತ. ಬಾಗಿಲಿಗೆಲ್ಲ ಬಡಿದುಕೊಂಡು ಓಡಾಡುತ್ತಾನೆ. ಅನ್ನದ ಗಂಜಿ, ಬೇಯಿಸಿದ ಕೋಳಿ, ಎರಡು ಗಂಟೆಗೊಮ್ಮೆ ಒಂದು ಹಿಡಿ. ಹನ್ನೆರಡನೇ ದಿನ ಹೊಲಿಗೆ ಬಿಚ್ಚುತ್ತಾರೆ. ಖರ್ಚು ನನ್ನ ಒಂದು ತಿಂಗಳ ಪೀಸ್ ದುಡ್ಡು. ಮಾಲೀಕರ ಹತ್ತಿರ ಮುಂಗಡ ಕೇಳಿದೆ, ಕೊಟ್ಟರು.

ಚಿಂದಿ ಚೀಲ ಈಗ ಗೋಡೆಯ ಮೊಳೆಗೆ ನೇತುಹಾಕಿದ್ದೇನೆ. ನಮ್ಮ ಓಣಿಯಲ್ಲಿ ಹೊಲಿಯುವ ಏಳು ಮನೆಗಳಿವೆ, ನಾಲ್ಕರಲ್ಲಿ ನಾಯಿ ಇವೆ. ಎಲ್ಲರ ಮನೆಗೂ ಹೋಗಿ ಡಾಕ್ಟ್ರು ಕೊಟ್ಟ ದಾರ ತೋರಿಸಿ ಬಂದೆ. ಟೇಪಿನಲ್ಲಿ ಅಳೆದೆ, ತುಂಡೆಲ್ಲ ಸೇರಿ ಎರಡೂವರೆ ಮೀಟರ್.

ಇವತ್ತು ಬೆಳಿಗ್ಗೆ ಮೊದಲ ಸಲ ಸರಿಯಾಗಿ ಕಕ್ಕ ಮಾಡಿದ. ಕಡ್ಡಿಯಿಂದ ಬಿಡಿಸಿ ನೋಡಿದೆ ಮೇಡಂ, ದಾರ ಇರಲಿಲ್ಲ.